ಬಾಯಿ ಮುಚ್ಚಿದ ಶಾಲೆ

ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ರಸ್ತೆಯ ಬದಿಗಿದ್ದ ನಮ್ಮ ಶಾಲೆಯನ್ನು ಜನ ಕಿವಿಯಿಂದ ನೋಡುತ್ತಿದ್ದರು. ಗಾಡಿ ಹೊಡೆದುಕೊಂಡು ಹೋಗುವವರು ಯಾರೂ ಒಳಗೆ ಇಣುಕಿದವರಲ್ಲ. ಮಗ್ಗಿಯ ಕೂಗು ಹಳ್ಳ ದಾಟುವ ಸಂಕದವರೆಗೆ ಕೇಳಿಸಿದರೆ ಮಾಸ್ತರು ಗಟ್ಟಿ. ಅರ್ಧ ದಾರಿಗೇ ನಿಂತುಹೋದರೆ ಮಾಸ್ತರು ಪೊಳ್ಳು. ಕೂಗೇ ಇಲ್ಲದಿದ್ದರೆ ಒಂದೋ ಶಾಲೆಗೆ ರಜೆ, ಇಲ್ಲವೋ ಮಾಸ್ತರಿಗೆ ನಿದ್ದೆ. ಈ ಪರೀಕ್ಷೆಯಲ್ಲಿ ನಮ್ಮ ಶಾಲೆ ಯಾವಾಗಲೂ ಪಾಸು. ಯಾಕೆಂದರೆ ನಮ್ಮಲ್ಲಿ ಒಬ್ಬ ಹುಡುಗನಿದ್ದ. ಎಲ್ಲರಿಗಿಂತ ಮುಂದೆ ನಿಂತು ಕೂಗಿಸುವವನು. ಅವನೊಬ್ಬ ಬಾಯಿ ತೆರೆದರೆ ಸಂಕದ ಆಚೆ ಮೇಯುತ್ತಿದ್ದ ಎಮ್ಮೆಗಳು ತಲೆಯೆತ್ತುತ್ತಿದ್ದವು. ಅವನನ್ನು ನಾನು ಶಾಲೆಯ ಗಂಟಲು ಎಂದು ಕರೆಯುತ್ತಿದ್ದೆ. ಈಗ ಅವನಿಲ್ಲ. ಇದನ್ನು ಬರೆಯಲು ಕೂತಾಗೆಲ್ಲ ಮೊದಲ ಸಾಲಿಗೆ ಒಂದು ತಮಾಷೆ ಹುಡುಕುತ್ತೇನೆ, ಎರಡನೇ ಸಾಲಿಗೆ ಅವನು ಬಂದು ನಿಂತುಬಿಡುತ್ತಾನೆ.

ನಾನು ಸಿದ್ದಾಪುರದ ಕಡೆಯವನು. ಮಾಸ್ತರಿಕೆಗೆ ಬೇಕಾದ ಮುಲ್ಕಿ ಪರೀಕ್ಷೆಯಲ್ಲಿ ನಾನು ಪಾಸಾದದ್ದು ಪರೀಕ್ಷೆ ಮಾಡಿದವರಿಗೇ ಆಶ್ಚರ್ಯವಾಗಿರಬೇಕು. ನನಗೆ ಬರುತ್ತಿದ್ದ ವಿದ್ಯೆ ಒಂದೇ, ಬೇರೆಯವರ ಹಾಗೆ ಮಾತಾಡುವುದು. ಶಾಲೆ ತಪಾಸಣೆಗೆ ಬರುವ ಸಾಹೇಬರ ಕೆಮ್ಮು, ಶಿರಸಿಯ ಮೋಟಾರು ಏರು ಹತ್ತುವಾಗ ಮಾಡುವ ನರಳಾಟ, ನಮ್ಮೂರ ಪುರೋಹಿತರು ಮಂತ್ರ ಮರೆತಾಗ ಮೂಗಿನಲ್ಲೇ ದಾಟಿಸುವ ರೀತಿ, ಇವೆಲ್ಲ ನನ್ನ ಸ್ವಂತ ಆಸ್ತಿ. ನನ್ನನ್ನೇ ನಾನು ಅಣಕಿಸುವುದೂ ಇತ್ತು. ಪಾಠ ಗೊತ್ತಿಲ್ಲದ ಮಾಸ್ತರು ಹಲಗೆಯ ಕಡೆ ತಿರುಗಿ ಎಷ್ಟು ಹೊತ್ತು ಸೀಮೆಸುಣ್ಣ ಹುಡುಕಬಲ್ಲರು ಎಂದು ಮಾಡಿ ತೋರಿಸಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಸಹಾಯಕ ಮಾಸ್ತರಿಕೆ ಸಿಕ್ಕಿತೆಂದು ಕೇಳಿದ ದಿನ ನಮ್ಮ ಅಮ್ಮ ಒಲೆಯ ಮುಂದಿನಿಂದ ಏಳದೆಯೇ ಹೇಳಿದ್ದಳು: “ಮಂಗನೇ ಮಾಸ್ತರ ಆದ್ರೆ ಮಕ್ಕ ಎಂತ ಆಗ್ತ?”

ಆ ವರ್ಷ ಮಳೆಗಾಲದ ಮೊದಲಿಗೆ ನಮಗೆ ಹೊಸ ದೊಡ್ಡ ಮಾಸ್ತರರು ಬಂದರು. ಹಾವೇರಿ ಕಡೆಯವರು. ಎಕ್ಕಂಬಿಯ ದಾರಿಯಾಗಿ ಗಾಡಿಯಲ್ಲಿ ಬಂದಿಳಿದಾಗ ಅವರ ಹಾಸಿಗೆಯ ಸುರುಳಿ ಸಣ್ಣದಿತ್ತು, ಪೆಟ್ಟಿಗೆ ದೊಡ್ಡದಿತ್ತು. ನಲವತ್ತು ದಾಟಿದ ಮನುಷ್ಯ, ಒಬ್ಬರೇ. ಮಾತು ಕಡಿಮೆ. ಅಣಕಿಸುವವನಿಗೆ ಇಂಥವರು ಭಾರಿ ಕಷ್ಟ. ಹಿಡಿದುಕೊಳ್ಳಲು ಒಂದು ಕೆಮ್ಮಾದರೂ ಬೇಕಲ್ಲ.

ಬಂದ ವಾರದಲ್ಲೇ ಅವರು ನಾಲ್ಕನೇ ಇಯತ್ತೆಯ ಓದು ಕೇಳಿದರು. ನಮ್ಮ ಗಂಟಲು ಎದ್ದು ನಿಂತು ಕಾಗೆಯ ಪಾಠವನ್ನು ಗಡಗಡನೆ ಹೇಳಿದ, ಮಕ್ಕಳು ಹಿಂದಿನಿಂದ ಕೂಗಿದರು, ಹೆಂಚು ನಡುಗಿತು. ದೊಡ್ಡ ಮಾಸ್ತರರು ತಲೆಯಾಡಿಸಿದರು. ಆಮೇಲೆ ತಮ್ಮ ಚೀಲದಿಂದ ಒಂದು ಪುಸ್ತಕ ತೆಗೆದು ಅವನ ಕೈಗೆ ಕೊಟ್ಟು, ಇದರಲ್ಲಿ ಒಂದು ಪುಟ ಓದು ಎಂದರು. ಹುಡುಗ ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದ. ಕಣ್ಣನ್ನು ಸಾಲಿನ ಮೇಲೆ ಎಡದಿಂದ ಬಲಕ್ಕೆ ಓಡಿಸಿದ. ಉಸಿರು ತುಂಬಿಕೊಂಡು ಮತ್ತೆ ಅದೇ ಕಾಗೆಯ ಪಾಠವನ್ನು ಅದೇ ರಾಗದಲ್ಲಿ ಹೇಳತೊಡಗಿದ. ಮಕ್ಕಳು ಹಿಂದಿನಿಂದ ಕೂಗಿದರು. ಅವನ ಕೈಯಲ್ಲಿದ್ದದ್ದು ಆ ವರ್ಷದ ಪಂಚಾಂಗ.

ನಾನು ಬಾಯಿಗೆ ಪಂಚೆಯ ಚುಂಗು ಒತ್ತಿಕೊಂಡು ಹೊರಗೆ ಓಡಿದೆ. ದೊಡ್ಡ ಮಾಸ್ತರರು ನಗಲೂ ಇಲ್ಲ, ಬೆತ್ತ ಹುಡುಕಲೂ ಇಲ್ಲ. ಹುಡುಗನಿಗೆ ಶಾಭಾಸು ಹೇಳಿ ಕೂರಿಸಿ ಜಗುಲಿಗೆ ಬಂದರು. “ನಗಬ್ಯಾಡ್ರಿ ಸಣ್ಣ ಮಾಸ್ತರ. ಹುಡುಗ ಕಿವಿಲೆ ಓದ್ಯಾನ. ನಾವು ಕಲಿಸಿದ್ದ ಅಷ್ಟ.”

ಅವತ್ತು ಶಾಲೆ ಬಿಟ್ಟ ಮೇಲೆ ಅವರು ರಸ್ತೆಯ ಆಚೆ ಬದಿಯನ್ನೇ ನೋಡುತ್ತ ಕೂತಿದ್ದರು. ಅಲ್ಲಿ ಆ ಹುಡುಗನ ಅಪ್ಪನ ಚಪ್ಪರವಿತ್ತು. ಅಪ್ಪ ಗಾಡಿಯ ಗಾಲಿ ಮಾಡುವ ಆಚಾರಿ. ಯಲ್ಲಾಪುರ, ಕಿರವತ್ತಿಗಳವರೆಗೆ ಮರ ಹೊರುವ ಗಾಡಿಗಳಿಗೆಲ್ಲ ಅವರದ್ದೇ ಗಾಲಿ. ಹುಡುಗನಿಗೆ ತಾಯಿ ಇರಲಿಲ್ಲ. ಬರುವ ಬೇಸಿಗೆಗೆ ಮಗನ ಶಾಲೆ ಮುಗಿಯುತ್ತದೆ, ಮರುದಿನದಿಂದ ಅವನ ಕೈಗೆ ಬಾಚಿ ಎಂಬುದು ಊರಿಗೇ ಗೊತ್ತಿದ್ದ ವಿಷಯ. ಅದರಲ್ಲಿ ತಪ್ಪೇನೂ ಇರಲಿಲ್ಲ, ಮರ ಕೆತ್ತುವುದು ನಮ್ಮ ಮಾಸ್ತರಿಕೆಗಿಂತ ಮರ್ಯಾದೆಯ ಕೆಲಸ. ದೊಡ್ಡ ಮಾಸ್ತರರು ಹೇಳಿದ್ದು ಇಷ್ಟೇ: “ಬಾಚಿ ಹಿಡಿಯೂದರೊಳಗ ಇಂವ ಒಂದ ಪುಸ್ತಕ ತಾನ ಓದಬೇಕು. ಒಬ್ಬನ. ಮೊದಲಿಂದ ಕಡೀತನಕ. ಒಂದ ಸಾಕು.”

ಹಾಗೆ ನಮ್ಮಲ್ಲಿ ಸುಮ್ಮನೆ ಓದುವ ತಾಸು ಶುರುವಾಯಿತು. ಮಧ್ಯಾಹ್ನದ ಊಟದ ನಂತರ ಒಂದು ತಾಸು ಯಾರೂ ಕೂಗಬಾರದು. ಅವರವರ ಪುಸ್ತಕ ಅವರವರಿಗೆ. ಗೊತ್ತಾಗದಿದ್ದರೆ ಎದ್ದು ಬಂದು ಕೇಳಬಹುದು. ಬೇಸರವಾದರೆ ಪುಸ್ತಕ ಬದಲಿಸಬಹುದು. ಮುಗಿದ ಮೇಲೆ ಪ್ರಶ್ನೆ ಇಲ್ಲ, ಒಪ್ಪಿಸುವುದಿಲ್ಲ. ಈ ಕೊನೆಯ ಮಾತನ್ನು ಮಕ್ಕಳು ನಂಬಲೇ ಇಲ್ಲ. ಎಲ್ಲೋ ಮೋಸವಿದೆ ಎಂದುಕೊಂಡು ಹಲವರು ಮೊದಲ ದಿನಗಳಲ್ಲಿ ಪುಸ್ತಕ ಮುಟ್ಟಲಿಲ್ಲ.

ಪುಸ್ತಕಗಳೆಲ್ಲ ಅವರ ಆ ದೊಡ್ಡ ಪೆಟ್ಟಿಗೆಯಿಂದ ಬಂದವು. ಸಾಲದ್ದಕ್ಕೆ ಆದಿತ್ಯವಾರ ಶಿರಸಿಗೆ ನಡೆದು ಮನೆಮನೆ ಕೇಳುತ್ತಿದ್ದರು, ಹುಲೇಕಲ್ಲಿನವರೆಗೂ ಹೋಗಿಬಂದರು. ಕೇಳಿದರೆ ಜನ ಕೊಡುತ್ತಾರೆ, ಆದರೆ ತಮಗೆ ಬೇಡವಾದದ್ದನ್ನು ಕೊಡುತ್ತಾರೆ. ಹಾಗಾಗಿ ರಾಜಕುಮಾರಿಯರ ಕಥೆಗಳ ನಡುವೆ ಜೇನು ಸಾಕುವ ಪುಸ್ತಕ, ಕಾಲರಾ ಬಂದಾಗ ಮಾಡಬೇಕಾದ ಉಪಾಯಗಳ ಪುಸ್ತಕವೂ ಇತ್ತು. ಮೂರನೇ ಇಯತ್ತೆಯ ಒಬ್ಬಳು ಹುಡುಗಿ ಕಾಲರಾದ್ದನ್ನೇ ಮತ್ತೆ ಮತ್ತೆ ಓದಿ ಮನೆಯವರು ಕೊಟ್ಟ ನೀರನ್ನೆಲ್ಲ ಅನುಮಾನದಿಂದ ನೋಡತೊಡಗಿದಳು.

ಬಾಯಿ ಮುಚ್ಚಿಕೊಂಡು ಓದುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು. ಒಬ್ಬನ ತುಟಿ ಮೊಲದ ಹಾಗೆ ಅಲುಗುತ್ತಿತ್ತು. ಒಬ್ಬನಿಗೆ ತುಟಿ ಮುಚ್ಚಿದರೆ ತಲೆಯೇ ತೂಗುತ್ತಿತ್ತು. ಇನ್ನೊಬ್ಬ ಉಸಿರು ಕಟ್ಟಿ ಓದಿ, ಪುಟದ ಕೊನೆಗೆ ಹೊಳೆಯಲ್ಲಿ ಮುಳುಗಿ ಎದ್ದವನ ಹಾಗೆ ಬಾಯಿ ಬಿಡುತ್ತಿದ್ದ. ಮಾದರಿ ತೋರಿಸಲು ಪುಸ್ತಕ ಹಿಡಿದು ಕೂತ ನಾನು ಎರಡನೇ ಪುಟಕ್ಕೆ ಗೊರಕೆ ಹೊಡೆದೆನಂತೆ. ಅದನ್ನು ಮಕ್ಕಳು ನನಗೇ ಅಣಕಿಸಿ ತೋರಿಸಿದರು. ಗುರುವಿಗೆ ತಕ್ಕ ಶಿಷ್ಯರು.

ಎಲ್ಲರಿಗಿಂತ ಕಷ್ಟ ನಮ್ಮ ಗಂಟಲಿಗೆ. ಶಾಲೆಯಲ್ಲಿ ಅವನಿಗಿದ್ದ ಗದ್ದುಗೆಯೇ ದನಿ. ಆ ತಾಸಿನಲ್ಲಿ ಅದು ಹೋಗಿ, ಆಗಷ್ಟೇ ಅಕ್ಷರ ಕಲಿಯುವ ಬಿಗರಿಯ ಪುಟ್ಟ ಮಕ್ಕಳ ಜೊತೆ ಒಂದೊಂದೇ ಅಕ್ಷರ ಕೂಡಿಸುತ್ತ ಕೂರಬೇಕಾಯಿತು. ದೊಡ್ಡ ಮಾಸ್ತರರು ಅವನ ಪಕ್ಕ ನೆಲದ ಮೇಲೆ ಕೂರುತ್ತಿದ್ದರು. ಅವನು ತಲೆ ಬಗ್ಗಿಸಿದ್ದರೆ ಅವರೂ ತಲೆ ಬಗ್ಗಿಸಿರುತ್ತಿದ್ದರು. ಯಾರು ಯಾರಿಗೆ ಕಲಿಸುತ್ತಿದ್ದಾರೆ ಎಂದು ದೂರದಿಂದ ಹೇಳಲು ಬರುತ್ತಿರಲಿಲ್ಲ.

ಗಲಾಟೆ ಎದ್ದದ್ದು ರಸ್ತೆಯ ಆಚೆಯಿಂದ. ಆಚಾರಿ ಒಂದು ಮಧ್ಯಾಹ್ನ ಕೈಯಲ್ಲಿ ಬಾಚಿ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು. ಶಾಲೆಗೆ ಎಂತಾಗಿದೆ, ಯಾರಾದರೂ ತೀರಿಕೊಂಡಿದ್ದಾರಾ ಎಂದು ಕೇಳಿದರು. ದೊಡ್ಡ ಮಾಸ್ತರರು ವಿವರಿಸಿದರು. ಆಚಾರಿ ಕೇಳಿಸಿಕೊಂಡು, ತಮ್ಮ ತೊಂದರೆ ಬೇರೆ ಎಂದರು. ಎಷ್ಟೋ ಕಾಲದಿಂದ ಅವರು ಗಾಲಿಯ ಅರಗಳನ್ನು ಕೆತ್ತುತ್ತಿದ್ದದ್ದು ಮಗ್ಗಿಯ ತಾಳಕ್ಕೆ. ಮಗ ಕೂಗಿಸುತ್ತಾನೆ, ಮಕ್ಕಳು ಕೂಗುತ್ತಾರೆ, ಕೂಗಿಗೊಂದು ಏಟು. ಈಗ ಮಧ್ಯಾಹ್ನವಾದರೆ ಕೈ ತಪ್ಪುತ್ತದೆ. “ಅಂವ ಕೂಗಿದ್ರೆ ನಂಗೆ ಅಂವ ಎದುರಿಗೇ ಇದ್ದ ಹಾಗೆ ಮಾಸ್ತರ್ರೆ. ಓದಿದ್ದು ಮನೆಯವ್ರ ಕಿವಿಗೆ ಬೀಳದಿದ್ರೆ ಅದೆಂತ ಓದು?”

ನಮ್ಮ ಸೀಮೆಯಲ್ಲಿ ಯಾರೂ ತನಗೋಸ್ಕರ ಓದಿದವರಲ್ಲ. ಓದು ಬಂದ ಒಬ್ಬ ಮಗ ಹಜಾರದಲ್ಲಿ ಕೂತು ಗಟ್ಟಿಯಾಗಿ ಓದಿದರೆ ಇಡೀ ಮನೆ ಓದಿದ ಹಾಗೆ. ಬಾಯಿ ಮುಚ್ಚಿ ಓದುವವನು ಒಬ್ಬನೇ ಬಾಗಿಲು ಹಾಕಿಕೊಂಡು ಉಂಡವನ ಹಾಗೆ.

ಆಚಾರಿಯ ಚಪ್ಪರದಲ್ಲಿ ನಿಲ್ಲದೆ ಯಾವ ಗಾಡಿಯೂ ಮುಂದೆ ಹೋಗುತ್ತಿರಲಿಲ್ಲ. ಹಾಗಾಗಿ ಸುದ್ದಿಗೆ ಗಾಲಿ ಬಂತು. ಸಂಕದ ಹತ್ತಿರದ ಶಾಲೆ ಬಾಯಿ ಮುಚ್ಚಿದೆ, ಹೊಸ ಮಾಸ್ತರಿಗೆ ಮಧ್ಯಾಹ್ನ ನಿದ್ದೆ ಬೇಕು ಎಂದು ಮೇಲೆ ಯಲ್ಲಾಪುರದಲ್ಲೂ ಕೆಳಗೆ ಶಿರಸಿ ಪೇಟೆಯಲ್ಲೂ ಮಾತಾಯಿತು. ತಾಲೂಕಿನವರ ಕಿವಿಗೂ ಬಿದ್ದಿದೆ, ಸಾಹೇಬರು ಯಾವ ದಿನವಾದರೂ ಬಂದಾರು ಎಂದು ಪೇಟೆಗೆ ಹೋದವರು ಹೇಳಿದರು. ದೊಡ್ಡ ಮಾಸ್ತರರು ಆ ತಾಸನ್ನು ಬಿಡುವ ಹಾಗಿಲ್ಲ, ಹುಡುಗ ಆಗಷ್ಟೇ ಒತ್ತಕ್ಷರ ದಾಟುತ್ತಿದ್ದ. ಮುಂದುವರಿಸಿದರೆ ವರ್ಗವಾಗುತ್ತದೆ. ಅವರು ಆ ದಿನಗಳಲ್ಲಿ ಊಟ ಸರಿಯಾಗಿ ಮಾಡುತ್ತಿರಲಿಲ್ಲ.

ಆಗ ನನ್ನ ಮಂಗವಿದ್ಯೆ ಕೆಲಸಕ್ಕೆ ಬಂತು. ಮಕ್ಕಳೆಲ್ಲ ಒಳಗೆ ಓದುತ್ತಿರುವಾಗ ನಾನು ರಸ್ತೆಯ ಕಡೆಯ ಜಗುಲಿಯಲ್ಲಿ ಕಂಬದ ಮರೆಗೆ ನಿಂತು ಇಡೀ ಶಾಲೆಯ ಕೂಗು ಕೂಗಿದೆ. ಮುಂದೆ ನಮ್ಮ ಗಂಟಲಿನ ದನಿ, ‘ಹನ್ನೆರಡೊಂದ್ಲೆ’ ಎಂದು ಕೊನೆಗೆ ಮೇಲಕ್ಕೆ ಎಳೆಯುವ ಅವನದ್ದೇ ಎಳೆತ. ಹಿಂದೆ ಒಂದಷ್ಟು ಸಣ್ಣ ದನಿಗಳು, ನಡುವೆ ಒಂದು ಕೆಮ್ಮು, ತಡವಾಗಿ ಸೇರಿಕೊಳ್ಳುವ ಒಬ್ಬ ದಡ್ಡ. ಆ ದಡ್ಡ ನಾನೇ, ಬಾಲ್ಯದ ನಾನು. ಒಳಗೆ ಮಕ್ಕಳು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಲವು ದಿನಗಳಲ್ಲಿ ಅಭ್ಯಾಸವಾಗಿ ಮಳೆಯ ಸದ್ದಿನ ಹಾಗೆ ಅದನ್ನು ಮರೆತು ಓದತೊಡಗಿದರು. ರಸ್ತೆಯ ಆಚೆ ಬಾಚಿಯ ಏಟು ಮತ್ತೆ ತಾಳ ಹಿಡಿಯಿತು. ಗಾಡಿಯವರು ಮೆಚ್ಚಿದರು. ಶಾಲೆ ಸುಧಾರಿಸಿತೆಂದು ಶಿರಸಿಯಲ್ಲಿ ಮಾತಾಯಿತಂತೆ, ಸಾಹೇಬರು ಬರಲಿಲ್ಲ. ನನ್ನ ಗಂಟಲು ಹರಿದು ಹೋಗುತ್ತಿತ್ತು, ಸಂಜೆಗೆ ಕಾಳುಮೆಣಸಿನ ಕಷಾಯ. ದೊಡ್ಡ ಮಾಸ್ತರರು ಅದನ್ನು ತಾವೇ ಕಾಸಿ ತಂದು ಕೊಡುತ್ತಿದ್ದರು.

ಸಿಕ್ಕಿಬಿದ್ದದ್ದು ಹೀಗೆ. ಒಂದು ದಿನ ಹುಡುಗನಿಗೆ ಬಾಯಾರಿಕೆಯಾಗಿ, ಹಿಂದಿನ ಬಾಗಿಲಿನಿಂದ ಹೋಗಿ ರಸ್ತೆ ದಾಟಿ ಅಪ್ಪನ ಚಪ್ಪರದ ಕೊಡದಲ್ಲಿ ನೀರು ಕುಡಿಯುತ್ತ ನಿಂತನಂತೆ. ನಾನು ಇತ್ತ ಅವನದ್ದೇ ದನಿಯಲ್ಲಿ ಹದಿನಾಲ್ಕರ ಮಗ್ಗಿ ಅರ್ಧಕ್ಕೆ ತಂದಿದ್ದೆ. ಆಚಾರಿ ಮಗನ ಮುಖ ನೋಡಿದರು. ಶಾಲೆಯ ಕಡೆ ನೋಡಿದರು. ಮತ್ತೆ ಮಗನನ್ನು ಮುಟ್ಟಿ ನೋಡಿದರು. ಅವರು ರಸ್ತೆ ದಾಟಿ ಜಗುಲಿ ಹತ್ತಿದಾಗ ನಾನು ಕಣ್ಣು ಮುಚ್ಚಿಕೊಂಡು ಭಕ್ತಿಯಿಂದ ಹದಿನಾಲ್ಕೆಂಟ್ಲೆಯಲ್ಲಿದ್ದೆ. ಕಣ್ಣು ತೆರೆದರೆ ಎದುರಿಗೆ ಬಾಚಿ.

“ಇದೆಂತ ಸಣ್ಣ ಮಾಸ್ತರ್ರೆ, ನನ್ನ ಮಗನ್ನ ಗಂಟಲಲ್ಲಿ ಇಟ್ಕೊಂಡಿದ್ದೀರಿ?”

ನಾನು ಗಾಬರಿಯಲ್ಲಿ ಅವನ ದನಿಯಲ್ಲೇ, ಇಲ್ಲಪ್ಪಾ ಎಂದುಬಿಟ್ಟೆ. ಆಚಾರಿ ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಅಷ್ಟರಲ್ಲಿ ವಾಪಸು ಬಂದು ಕೂತಿದ್ದ ಮಗ, ಬೆರಳನ್ನು ಸಾಲಿನ ಕೆಳಗಿಟ್ಟು ತುಟಿ ಬಿಗಿಹಿಡಿದು ಓದುತ್ತಿದ್ದ. ಅಪ್ಪ ನಿಂತದ್ದು ಅವನಿಗೆ ತಿಳಿಯಲೇ ಇಲ್ಲ. ಅದನ್ನು ಅವರು ತುಂಬ ಹೊತ್ತು ನೋಡಿದರು. ಹೋಗುವಾಗ, ನೀವು ಕೂಗುವುದನ್ನು ಬಿಡಬೇಡಿ, ಕೈಗೆ ತಾಳ ಬೇಕು ಎಂದು ನನಗೆ ಹೇಳಿದರು. ಗಾಡಿಯವರಿಗೆ ಒಂದು ಮಾತೂ ಹೇಳಲಿಲ್ಲ. ಅಂದಿನಿಂದ ನಮ್ಮ ಗುಟ್ಟಿಗೆ ಅವರೂ ಒಬ್ಬ ಪಾಲುದಾರರು.

ದಸರೆಯ ರಜೆ ಮುಗಿದ ಮೇಲೆ ಹುಡುಗ ತನಗೊಂದು ಪುಸ್ತಕ ತಾನೇ ಆರಿಸಿಕೊಂಡ. ಒಬ್ಬ ದರ್ಜಿ ಸಮುದ್ರ ನೋಡಲು ಹೊರಟ ಕಥೆ. ಊರೂರಿನಲ್ಲೂ ಜನ ಅವನನ್ನು ತಡೆದು ಬಟ್ಟೆ ಹೊಲಿಸಿಕೊಳ್ಳುತ್ತಾರೆ, ದಾರಿ ಮುಂದೆ ಸಾಗುವುದೇ ಇಲ್ಲ. ಹುಡುಗನಂತೂ ದಿನಕ್ಕೆ ಒಂದೇ ಪುಟ ಸಾಗುತ್ತಿದ್ದ, ಕೆಲವು ದಿನ ಅದೂ ಇಲ್ಲ. ಒಂದು ಮಧ್ಯಾಹ್ನ ನಾನು ಜಗುಲಿಯಲ್ಲಿ ಮಗ್ಗಿ ಕೂಗುತ್ತಿರುವಾಗ ಒಳಗಿನಿಂದ ಒಂದು ನಗು ಕೇಳಿಸಿತು. ಒಬ್ಬನದ್ದೇ ನಗು. ನಾನು ಕೂಗು ನಿಲ್ಲಿಸಿ ಒಳಗೆ ಬಂದೆ. ಮಕ್ಕಳೆಲ್ಲ ತಲೆಯೆತ್ತಿ ಅವನನ್ನೇ ನೋಡುತ್ತಿದ್ದರು. ಅವನು ಪುಸ್ತಕದಿಂದ ಮುಖ ಎತ್ತಿ, ತಾನು ನಕ್ಕದ್ದು ಎಲ್ಲರಿಗೂ ಕೇಳಿಸಿತೆಂದು ನಾಚಿ ಕೆಂಪಾಗಿದ್ದ. ಆ ಪುಟದಲ್ಲಿ ದರ್ಜಿ, ಮಲಗಿದ್ದ ಪಟೇಲನ ಅಂಗಿಯನ್ನು ಹಾಸಿಗೆಗೇ ಸೇರಿಸಿ ಹೊಲಿದುಬಿಟ್ಟಿದ್ದ.

ಓದನ್ನು ಬಾಯಿಪಾಠ ಮಾಡಿಸಬಹುದು. ಆ ನಗುವನ್ನು ಅವನಿಗೆ ಯಾರೂ ಬಾಯಿಪಾಠ ಮಾಡಿಸಿರಲಿಲ್ಲ. ದೊಡ್ಡ ಮಾಸ್ತರರು ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟರು. ಅವತ್ತು ಅವರು ನನಗೆ ಹೇಳಿದ ಮಾತು, “ಬಂತು ನೋಡ್ರಿ.” ಅಷ್ಟೇ.

ಆಚೆಯಿಂದ ಆ ನಗು ಕೇಳಿಸಿಕೊಂಡಿದ್ದ ಅಪ್ಪ ಸಂಜೆ ಮಗನನ್ನು ಎಂತಕ್ಕೆ ನಕ್ಕೆ ಎಂದು ಕೇಳಿದ್ದಾರೆ. ಅವನು ಹೇಳಿಲ್ಲ. ಅರ್ಧ ಹೇಳಿದರೆ ರುಚಿ ಕೆಡುತ್ತದೆ, ಮುಗಿದ ಮೇಲೆ ಪೂರ್ತಿ ಒಮ್ಮೆಲೇ ಹೇಳುತ್ತೇನೆ ಎಂದಿದ್ದಾನೆ. ಆಚಾರಿ ಇದನ್ನು ಚಪ್ಪರಕ್ಕೆ ಬಂದವರಿಗೆಲ್ಲ ದೂರಿನ ಹಾಗೆ ಹೇಳಿಕೊಳ್ಳುತ್ತಿದ್ದರು, ಮಗನಿಗೆ ಸೊಕ್ಕು ಬಂದಿದೆ ಎಂದು. ಹೇಳುವಾಗ ಮುಖ ನೋಡಬೇಕಿತ್ತು.

ದೀಪಾವಳಿ ಕಳೆದ ಮೇಲೆ ಕಿರವತ್ತಿಯಿಂದ ಕರೆ ಬಂತು. ಕಾಡಿನಿಂದ ಮರ ತರುವ ಗಾಡಿಗಳ ಗಾಲಿ ಅಲ್ಲೇ ಹೋಗಿ ರಿಪೇರಿ ಮಾಡಬೇಕು, ಗಾಲಿ ಹಿಡಿಯಲು ಒಬ್ಬರು ಬೇಕು. ಆಚಾರಿ ಮಗನನ್ನು ಕರೆದುಕೊಂಡು ಹೋದರು. ಹುಡುಗ ದೊಡ್ಡ ಮಾಸ್ತರರನ್ನು ಕೇಳಿ ಪುಸ್ತಕವನ್ನೂ ತೆಗೆದುಕೊಂಡು ಹೋದ. ಆ ಕಾಲದಲ್ಲಿ ಆ ಕಡೆಯ ಕಾಡಿಗೆ ಹೋದವರು ಚಳಿಜ್ವರ ತರದೆ ಬರುವುದು ಅಪರೂಪ. ಎಲ್ಲರಿಗೂ ಬರುತ್ತಿತ್ತು, ನಡುಗುತ್ತಿದ್ದರು, ಕ್ವಿನೈನ್ ನುಂಗಿ ಕಹಿ ಮುಖ ಮಾಡುತ್ತಿದ್ದರು, ಏಳುತ್ತಿದ್ದರು. ಹುಡುಗನೂ ಗಾಡಿಯಲ್ಲಿ ಕಂಬಳಿ ಹೊದ್ದು ವಾಪಸು ಬಂದ. ನಾವು ಯಾರೂ ಹೆದರಲಿಲ್ಲ.

ನಾನು ನೋಡಲು ಹೋದಾಗ ಅವನ ಕಣ್ಣು ಗುಳಿ ಬಿದ್ದಿತ್ತು. ನಗಿಸೋಣವೆಂದು ಸಾಹೇಬರ ಕೆಮ್ಮು ಕೆಮ್ಮಿದೆ. ಶಾಲೆಯ ಗಂಟಲು ಕೂತುಹೋಯಿತಲ್ಲ, ನನಗೆ ಈಗ ಎರಡು ಪಾಳಿ ಎಂದೆ. ಅವನು ತುಟಿಯ ಒಂದು ಮೂಲೆಯಲ್ಲಿ ನಕ್ಕ. ದೊಡ್ಡ ಮಾಸ್ತರರು ಶಿರಸಿಯ ದವಾಖಾನೆಯಿಂದ ಔಷಧ ತಂದಿದ್ದರು. ಅವರ ಕಡೆ ತಿರುಗಿ ಅವನು ಮೆಲ್ಲಗೆ ಕೇಳಿದ, ಪುಸ್ತಕ ವಾಪಸು ಕೊಡಬೇಕಾ ಎಂದು.

“ಮುಗಿಸಿ ಕೊಡಪಾ,” ಎಂದರು ಅವರು. “ಅವಸರ ಇಲ್ಲ.”

ಅದಾದ ನಾಲ್ಕನೇ ದಿನ ಬೆಳಿಗ್ಗೆ ಜ್ವರ ತಲೆಗೇರಿತು. ಮಧ್ಯಾಹ್ನ, ಶಾಲೆಯಲ್ಲಿ ಸುಮ್ಮನೆ ಓದುವ ಹೊತ್ತಿಗೆ, ಹೋಗಿಬಿಟ್ಟ. ನಾನು ಜಗುಲಿಯಲ್ಲಿ ಕೂಗುತ್ತಿದ್ದೆ. ಆಚೆಯಿಂದ ಯಾರೋ ಓಡಿ ಬಂದು ನನ್ನ ಬಾಯಿಯ ಮೇಲೆ ಕೈಯಿಟ್ಟರು.

ಮುಂದಿನ ದಿನಗಳನ್ನು ಬರೆಯಲು ನನಗೆ ಸರಿಯಾಗಿ ಬರುವುದಿಲ್ಲ. ಶಾಲೆ ಮತ್ತೆ ತೆರೆಯಿತು. ದೊಡ್ಡ ಮಾಸ್ತರರು ಪುಸ್ತಕದ ಪೆಟ್ಟಿಗೆ ತೆಗೆಯಲಿಲ್ಲ. ತೆಗೆಯಿರಿ ಎಂದು ನಾನೂ ಹೇಳಲಿಲ್ಲ. ಮಧ್ಯಾಹ್ನವಾದರೆ ಅವರು ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದರು. ಖಾಲಿ ಕೂತ ಮಕ್ಕಳು ತಾವಾಗಿಯೇ ಮಗ್ಗಿಗೆ ಮರಳಿದರು, ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ. ಬೇರೊಬ್ಬ ಹುಡುಗ ಮುಂದೆ ನಿಂತು ಕೂಗಿಸತೊಡಗಿದ. ನಾನು ಜಗುಲಿ ಬಿಟ್ಟು ಒಳಗೆ ಬಂದೆ. ಮಕ್ಕಳು ಯಾರದ್ದಾದರೂ ದನಿ ತೆಗೆಯಿರಿ ಎಂದು ಕೇಳುತ್ತಿದ್ದರು. ಮೋಟಾರಿನದ್ದು ತೆಗೆದೆ. ಏರಿನ ಅರ್ಧಕ್ಕೇ ನಿಂತಿತು. ರಸ್ತೆಯ ಆಚೆ ಬಾಚಿಯ ಸದ್ದಿರಲಿಲ್ಲ. ಗಾಡಿಗಳು ಬಂದು ನಿಂತು, ಹಾಗೇ ಹೋಗುತ್ತಿದ್ದವು.

ಆಚಾರಿ ಬಂದದ್ದು ಅಂಥ ಒಂದು ಮಧ್ಯಾಹ್ನ. ಗಡ್ಡ ಬೆಳೆದಿತ್ತು. ಹೆಗಲ ಮೇಲಿನ ಟವೆಲಿನಲ್ಲಿ ಏನೋ ಸುತ್ತಿಕೊಂಡಿದ್ದರು. ಒಳಗೆ ಹದಿನಾರರ ಮಗ್ಗಿ ನಡೆದಿತ್ತು. ಅವರು ಮೆಟ್ಟಿಲ ಹತ್ತಿರವೇ ನಿಂತುಬಿಟ್ಟರು, ಮೇಲೆ ಹತ್ತಲಿಲ್ಲ. ನಾವಿಬ್ಬರೂ ಹೊರಗೆ ಬಂದೆವು.

“ಆ ಕೂಗು ಒಂದು ನಿಲ್ಸಿ ಮಾಸ್ತರ್ರೆ,” ಎಂದರು. “ಎಲ್ಲರ ದನಿ ಕೇಳ್ತದೆ. ಎಲ್ಲರದ್ದೂ ಕೇಳ್ತದೆ.”

ದೊಡ್ಡ ಮಾಸ್ತರರು ಒಳಗೆ ಹೋದರು. ಕೂಗು ನಿಂತಿತು. ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದು ಕೇಳಿಸಿತು, ಆಮೇಲೆ ಪುಸ್ತಕ ಹಂಚುವ ಸರಬರ. ನಾವು ಬೇಡಿದ್ದು, ಜಗಳವಾಡಿದ್ದು, ಕಂಬದ ಮರೆಗೆ ನಿಂತು ಕಳ್ಳತನದಲ್ಲಿ ಉಳಿಸಿಕೊಂಡದ್ದು ಇದೇ ಮೌನವನ್ನು. ಈಗ ಅದನ್ನು ಕೇಳಲು ಆಚಾರಿಯೇ ಬಂದಿದ್ದರು. ಕೊಡುವಾಗ ನಮಗೆ ಯಾರಿಗೂ ಮುಖ ಎತ್ತಲಾಗಲಿಲ್ಲ.

ಆಚಾರಿ ಮೆಟ್ಟಿಲ ಮೇಲೆ ಕೂತು ಟವೆಲು ಬಿಚ್ಚಿದರು. ದರ್ಜಿಯ ಪುಸ್ತಕ. ಇದರಲ್ಲಿ ಎಂತದಿದೆ ಎಂದು ಕೇಳಿದರು. ಅವರಿಗೆ ಓದಲು ಬರುತ್ತಿರಲಿಲ್ಲ. ಕಿರವತ್ತಿಯಲ್ಲಿ ಕೆಲಸ ಮುಗಿದ ಮೇಲೆ ಮಗ ಗಾಡಿಯ ನೆರಳಿನಲ್ಲಿ ಕೂತು ಇದನ್ನು ಓದುತ್ತಿದ್ದನಂತೆ. ಮುಖ ನೋಡಿದರೆ ಎಲ್ಲೋ ದೂರ ಇದ್ದವನ ಹಾಗೆ ಕಾಣುತ್ತಿದ್ದನಂತೆ. ಎಲ್ಲಿದ್ದ ಎಂದು ಅವರಿಗೆ ತಿಳಿಯಬೇಕಿತ್ತು. “ಮುಗಿದ ಮೇಲೆ ಹೇಳ್ತೆ ಅಂದಿದ್ದ. ನೀವು ಓದಿ ಸಣ್ಣ ಮಾಸ್ತರ್ರೆ. ಅವನ ದನಿ ನಿಮಗೆ ಬರ್ತದಲ್ಲ. ಅವನ ಹಾಗೇ ಓದಿ.”

ನಾನು ಪುಸ್ತಕ ತೆರೆದೆ. ಗಂಟಲು ಸರಿಮಾಡಿಕೊಂಡು ಅವನ ದನಿ ತೆಗೆದೆ. ‘ಒಂದಾನೊಂದು ಊರಿನಲ್ಲಿ ಒಬ್ಬ ದರ್ಜಿ ಇದ್ದನು’ ಎಂಬ ಸಾಲು ಮಗ್ಗಿಯ ರಾಗದಲ್ಲಿ ಹೊರಟು, ಕೊನೆಗೆ ಮೇಲಕ್ಕೆ ಎಳೆದುಕೊಂಡು ನಿಂತಿತು. ನನಗೆ ಗೊತ್ತಿದ್ದದ್ದು ಅವನು ಕೂಗುವ ದನಿ. ಓದುವ ದನಿ ನಾನು ಕೇಳಿಯೇ ಇರಲಿಲ್ಲ. ಯಾರೂ ಕೇಳಿರಲಿಲ್ಲ. ಅದು ಅವನ ಒಳಗೇ ಇತ್ತು.

ಆಚಾರಿ ಕೈಯೆತ್ತಿದರು. “ಇದಲ್ಲ,” ಎಂದರು. ಬೈಗುಳವಿರಲಿಲ್ಲ ಅದರಲ್ಲಿ. “ಬಿಡಿ. ನಿಮ್ಮ ಹಾಗೇ ಓದಿ.”

ನನ್ನ ಹಾಗೆ ಓದುವುದು ಹೇಗೆಂದು ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಓದಿದೆ. ದರ್ಜಿ ಊರು ಬಿಟ್ಟ, ಮೊದಲ ಊರಿನಲ್ಲಿ ಮದುವೆಯ ರವಿಕೆಗಳು, ಎರಡನೆಯದರಲ್ಲಿ ನಾಟಕದವರ ಪರದೆ. ಆಚಾರಿ ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದರು. ಪಟೇಲನ ಅಂಗಿಯನ್ನು ಹಾಸಿಗೆಗೆ ಹೊಲಿದಲ್ಲಿಗೆ ಬಂದಾಗ ಅವರಿಗೆ ನಗು ಬಂತು. ತಡೆಯಲಾಗದ ನಗು. ನಗುತ್ತಲೇ ನನ್ನ ತೋಳು ಹಿಡಿದುಕೊಂಡು, “ಇಲ್ಲಿ ಅಲ್ದಾ? ಅವತ್ತು ಇಲ್ಲಿಗೇ ಅಲ್ದಾ ಅಂವ ನಕ್ಕದ್ದು?” ಎಂದು ಕೇಳಿದರು. ನಾನು ಹೌದೆಂದೆ. ಅವರು ಟವೆಲಿನಿಂದ ಬಾಯಿ ಮುಚ್ಚಿಕೊಂಡರು.

ಕಥೆ ಮುಂದೆ ಸಾಗಿತು. ದರ್ಜಿ ಕಡೆಯ ಗುಡ್ಡ ಹತ್ತಿದ್ದ, ಆಚೆಯಿಂದ ಗಾಳಿಯಲ್ಲಿ ಏನೋ ಮೊರೆತ ಕೇಳಿಸುತ್ತಿತ್ತು. ಪುಟ ತಿರುಗಿಸಲು ಹೋದೆ. ಮುಂದಿನ ಹಾಳೆಗಳು ಬಿಡಿಯಾಗಿರಲಿಲ್ಲ. ಅದು ಛಾಪಖಾನೆಯಿಂದ ಬಂದ ಹಾಗೆಯೇ ಇದ್ದ ಹೊಸ ಪುಸ್ತಕ, ಹಾಳೆಗಳು ಅಂಚಿನಲ್ಲಿ ಮಡಿಕೆಯಾಗಿ ಒಂದಕ್ಕೊಂದು ಕೂಡಿಕೊಂಡಿದ್ದವು. ಓದುವವನೇ ಚೂರಿಯಿಂದ ಕತ್ತರಿಸುತ್ತ ಮುಂದೆ ಹೋಗಬೇಕು. ಅಲ್ಲಿಯವರೆಗಿನ ಅಂಚುಗಳನ್ನು ಹುಡುಗ ಅಪ್ಪನ ಉಳಿಯಿಂದ ಒಂದೂ ನಾರು ಏಳದ ಹಾಗೆ ಕೊಯ್ದಿದ್ದ. ಅಲ್ಲಿಂದ ಮುಂದಿನದ್ದು ಮುಚ್ಚಿಯೇ ಇತ್ತು.

“ಸಮುದ್ರ ಕಂಡ್ನಾ ಅಂವ?” ಎಂದು ಆಚಾರಿ ಕೇಳಿದರು.

ದೊಡ್ಡ ಮಾಸ್ತರರು ಯಾವಾಗಲೋ ಬಂದು ಬಾಗಿಲಲ್ಲಿ ನಿಂತಿದ್ದರು. “ಗೊತ್ತಿಲ್ಲರಿ,” ಎಂದರು. “ಹೊಸಾ ಪುಸ್ತಕ. ನಾವೂ ಓದಿಲ್ಲ.”

ನಾನು ಮಡಿಕೆಯೊಳಗೆ ಬೆರಳು ತೂರಿಸಿ ಹರಿಯಲು ಹೋದೆ. ಆಚಾರಿ ತಮ್ಮ ಅಂಗೈಯನ್ನು ಪುಟದ ಮೇಲೆ ಇಟ್ಟರು. ಉಳಿ ಹಿಡಿದು ಹಿಡಿದು ಒರಟಾದ ಕೈ, ಕಾಗದ ಸದ್ದು ಮಾಡಿತು.

“ಬೇಡ,” ಎಂದರು. “ಅಂವ ಅಲ್ಲಿವರೆಗೆ ಹೋಗ್ಲಿಲ್ಲ.”

ಪುಸ್ತಕ ಶಾಲೆಯದ್ದು, ತಾನು ಇಟ್ಟುಕೊಂಡರೆ ಆಗುತ್ತದಾ ಎಂದು ಆಮೇಲೆ ಕೇಳಿದರು. ದೊಡ್ಡ ಮಾಸ್ತರರು ಹೌದೆಂದು ತಲೆಯಾಡಿಸಿದರು. ಒಳಗೆ ಮಕ್ಕಳು ಓದುತ್ತಿದ್ದರು, ಅಥವಾ ಓದುವ ಹಾಗೆ ಮುಖ ಬಗ್ಗಿಸಿ ನಮ್ಮನ್ನೇ ಕೇಳುತ್ತಿದ್ದರು.

ಮರುದಿನ ಅದೇ ಹೊತ್ತಿಗೆ ಅವರು ಮತ್ತೆ ಬಂದರು. ಮೊದಲಿಂದ ಓದಿ ಎಂದರು. ಆ ನಂತರದ ದಿನವೂ ಬಂದರು. ಆಮೇಲಾಮೇಲೆ ಚಪ್ಪರದಲ್ಲಿ ಕೆಲಸ ಶುರುವಾಗಿ, ಬಿಡುವಾದಾಗ ಮಾತ್ರ ಬರತೊಡಗಿದರು. ಸುಮ್ಮನೆ ಓದುವ ತಾಸು ನಮ್ಮಲ್ಲಿ ಈಗಲೂ ಇದೆ. ಅದರ ಬಗ್ಗೆ ಯಾವ ಗಾಡಿಯವನೂ ಈಗ ಸೊಲ್ಲೆತ್ತುವುದಿಲ್ಲ. ಕಾಲರಾ ಪುಸ್ತಕದ ಹುಡುಗಿ ಈಗ ರಾಜಕುಮಾರಿಯರಿಗೆ ದಾಟಿದ್ದಾಳೆ. ಆಚಾರಿ ಬಂದ ದಿನ ನಾನು ಜಗುಲಿಗೆ ಹೋಗಿ ಮೆಟ್ಟಿಲ ಮೇಲೆ ಅವರ ಪಕ್ಕ ಕೂತು ಮೆಲ್ಲಗೆ ಓದುತ್ತೇನೆ. ಕೆಲವು ಕಡೆ ಅವರ ತುಟಿ ನನಗಿಂತ ಮುಂದೆ ಹೋಗುತ್ತದೆ, ಆಗ ನಾನು ನಿಂತು ಅವರಿಗೆ ಬಿಡುತ್ತೇನೆ. ಪಟೇಲನ ಹಾಸಿಗೆಯ ಹತ್ತಿರ ನಗುತ್ತಾರೆ. ದರ್ಜಿ ಗುಡ್ಡ ಹತ್ತುತ್ತಾನೆ, ಮೊರೆತ ಕೇಳಿಸುತ್ತದೆ. ನಾನು ಪುಸ್ತಕ ಮುಚ್ಚಿ ಅವರ ಕೈಗೆ ಕೊಡುತ್ತೇನೆ. ಅವರು ಟವೆಲಿನಲ್ಲಿ ಸುತ್ತಿಕೊಂಡು ಏಳುತ್ತಾರೆ.